ಎಡಗಿವಿಯ ದಾವೆ

ಫೆಬ್ರವರಿ 4

ಪ್ರೀತಿಯ ಚಿನಕುರಳಿ,

ನಿಂತಿದ್ದರೆ ಕೂತುಕೋ. ಪಕ್ಕದಲ್ಲಿ ಯಾರಾದರೂ ಸಾಹೇಬರಿದ್ದರೆ ಎದ್ದು ಬೇರೆ ಕಡೆ ಹೋಗಿ ಕೂತುಕೋ. ನಿನ್ನ ಚಿಕ್ಕಮ್ಮ ಸರ್ಕಾರದ ಮೇಲೆ ದಾವೆ ಹೂಡಿದ್ದಾಳೆ! ನಿನ್ನೆ ಬೆಳಿಗ್ಗೆ ಸಹಿ ಹಾಕಿದೆ. ಕಾಗದದ ಮೇಲ್ಗಡೆ ನನ್ನ ಹೆಸರು, ಪಕ್ಕದಲ್ಲಿ 'ವಾದಿ' ಅಂತ. ಅದರ ಕೆಳಗೆ 'ವಿರುದ್ಧ'. ಅದರ ಕೆಳಗೆ ಇಡೀ ಸರ್ಕಾರ! ಬೀದಿ ನಲ್ಲಿ ರಿಪೇರಿ ಮಾಡಿಸಿ ಎಂದು ವರ್ಷಗಟ್ಟಲೆ ಕಚೇರಿ ಸುತ್ತಿದವಳ ಕೆಳಗೆ ಸರ್ಕಾರ ಬಂದು ನಿಂತಿದೆ. ಆ ಹಾಳೆಯನ್ನು ಎಷ್ಟು ಸಲ ನೋಡಿದರೂ ಸಾಲದು.

ನಿನ್ನ ಪೊಲೀಸ್ ತರಬೇತಿ ಶಾಲೆಯಲ್ಲಿ ಭಾನುವಾರ ಮಾತ್ರ ಫೋನು, ಅದೂ ವರಾಂಡದಲ್ಲಿ ಸಾಲಾಗಿ ನಿಂತು. ಪೊಲೀಸರ ಮೇಲಿನ ಕೇಸಿನ ಕಥೆಯನ್ನು ನೀನು ಪೊಲೀಸರ ನಡುವೆ ನಿಂತು ಕೇಳುವುದು ಬೇಡವೆಂದು ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ನಡೆದದ್ದನ್ನು ನಿನಗೆ ಅರ್ಧ ಹೇಳಿದ್ದೆ. ವಕೀಲರಿಗೆ ಪೂರ್ತಿ ಹೇಳಬೇಕಾಯಿತು, ಹಾಗಾಗಿ ನಿನಗೂ ಹೇಳಿಬಿಡುತ್ತೇನೆ.

ಅವತ್ತು ಕ್ರೀಡಾಂಗಣದ ಹತ್ತಿರ ಒಬ್ಬರ ಮನೆಯ ಪಿಯಾನೊ ಶ್ರುತಿ ಮಾಡಿ ಹೊರಟಿದ್ದೆ. ಪಂದ್ಯ ಮುಗಿದು ಗಲಾಟೆ ಎದ್ದಿತ್ತು, ಯಾರೋ ಅಂಗಡಿಗಳ ಗಾಜು ಒಡೆದಿದ್ದರು. ಪೊಲೀಸನೊಬ್ಬ ನನ್ನ ಚೀಲ ಬಿಚ್ಚಿಸಿದ. ಒಳಗೆ ಏನಿರುತ್ತದೆ ಎಂದು ನಿನಗೆ ಗೊತ್ತು: ತಂತಿ ಬಿಗಿ ಮಾಡುವ ಉದ್ದ ಹಿಡಿಯ ಕೀಲಿ, ಇಕ್ಕಳ, ಸ್ಕ್ರೂಡ್ರೈವರುಗಳು, ಪಕ್ಕದ ತಂತಿ ಮಿಡಿಯದಂತೆ ಸಿಕ್ಕಿಸುವ ರಬ್ಬರ್ ಬೆಣೆಗಳು, ಉಕ್ಕಿನ ತಂತಿಯ ಸುರುಳಿ. "ಯಾವ ಮನೆಗೆ ಕನ್ನ ಹಾಕೋಕೆ ಹೊರಟಿದ್ದೀಯಾ?" ಅಂದ. "ಇದು ಪಿಯಾನೊಗೆ ಕಣಪ್ಪಾ" ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ಎಡಗಿವಿಯ ಮೇಲೆ ಅಂಗೈ ಬಿಚ್ಚಿ ಬಾರಿಸಿದ. ನಾನು ಚೀಲ ಹಿಡಿದುಕೊಂಡೆ. ಇನ್ನೊಂದು ಬಾರಿಸಿದ. ಠಾಣೆಯ ಬೆಂಚಿನ ಮೇಲೆ ಬೆಳಗಿನ ತನಕ ಕೂರಿಸಿದರು. ಬೆಳಿಗ್ಗೆ "ಹೋಗಮ್ಮಾ" ಅಂದರು. ಯಾಕೆ ಕರೆದುಕೊಂಡು ಬಂದಿರಿ, ಯಾಕೆ ಕಳಿಸುತ್ತಿದ್ದೀರಿ ಎಂದು ಕೇಳಿದರೆ ಬಾಗಿಲು ತೋರಿಸಿದರು.

ಕಿವಿಯ ಪರದೆ ಹರಿದಿತ್ತು, ಈಗ ಕೂಡಿಕೊಂಡಿದೆ. ನೀನು ಚಿಂತೆ ಮಾಡಬೇಡ. ನಮ್ಮ ವಕೀಲಮ್ಮ ಮಾತ್ರ "ಕೆಲಸಕ್ಕೆ ತೊಂದರೆ ಆಗಿದೆ ಅಂತ ಹೇಳಿ, ಆಗ ಕೇಸು ಗಟ್ಟಿಯಾಗುತ್ತೆ" ಎಂದು ಹಟ ಹಿಡಿದಿದ್ದಾರೆ. ನಾನು ಒಪ್ಪಲಿಲ್ಲ. ಹೊಡೆದದ್ದಕ್ಕೆ ದಾವೆ, ನನ್ನ ಕೆಲಸ ಕೆಟ್ಟಿದ್ದಕ್ಕಲ್ಲ. ನನ್ನ ಕೆಲಸಕ್ಕೆ ಏನೂ ಆಗಿಲ್ಲ.

ನಿನ್ನಮ್ಮ ಬೆಳಿಗ್ಗೆಯಿಂದ "ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ" ಎಂದು ಜಪ ಮಾಡುತ್ತಿದ್ದಾಳೆ. ಅಕ್ಕನಿಗೆ ನಿನ್ನದೇ ದಿಗಿಲು. ನನಗೂ ಸ್ವಲ್ಪ ಇದೆ. ನೀನು ಖಾಕಿ ಹಾಕಿಕೊಳ್ಳಲು ಹೊರಟವಳು, ನಾನು ಖಾಕಿಯ ಮೇಲೆ ಕೇಸು ಹಾಕಿದವಳು. ಬೇಡ ಅನ್ನಿಸಿದರೆ ಬರೆ. ಬರೆದರೂ ನಾನು ಬಿಡುವುದಿಲ್ಲ, ಆದರೂ ಬರೆ.

ನಿನ್ನ ಚಿಕ್ಕಮ್ಮ

---

ಫೆಬ್ರವರಿ 15

ಚಿಕ್ಕಮ್ಮಾ,

ಬಿಡಬೇಡ! ಅಮ್ಮನ ಮಾತು ಕೇಳಿ ಬಿಟ್ಟೀಯಾ ಮತ್ತೆ. ನಿನ್ನ ಕಾಗದವನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತು ಓದಿದೆ. ಸಿಟ್ಟಿನಲ್ಲಿ ಒಗೆದು ಸಮವಸ್ತ್ರದ ಒಂದು ಗುಂಡಿ ಕಿತ್ತುಹೋಯಿತು.

ಇಲ್ಲಿ ನಮಗೆ ಪಾಠ ಮಾಡುವ ಮೇಡಂ ಮೊದಲ ವಾರವೇ ಹೇಳಿದ್ದರು: "ಕಿವಿ ಮೇಲೆ ಹೊಡೆಯೋರಿಗೆ ಇಲ್ಲಿ ಜಾಗ ಇಲ್ಲ. ನೀವು ಕೈ ಎತ್ತಿದ್ರೆ ಎತ್ತೋದು ನಿಮ್ಮ ಕೈಯಲ್ಲ, ಸರ್ಕಾರದ ಕೈ. ಉತ್ತರ ಹೇಳೋದೂ ಸರ್ಕಾರವೇ." ಆಗ ಬರೆದುಕೊಂಡು ಮರೆತಿದ್ದೆ. ಈಗ ಆ ಕೈಯನ್ನು ನೀನು ಹಿಡಿದುಕೊಂಡಿದ್ದೀಯ. ನನಗೆ ಎಷ್ಟು ಹೆಮ್ಮೆ ಎಂದರೆ, ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಒಂದೇ ಮಾತು. ಕಿವಿ ನಿಜವಾಗಿ ವಾಸಿಯಾಗಿದೆಯಾ? ಇನ್ನೊಂದು ಸಲ ಡಾಕ್ಟರ ಹತ್ತಿರ ಹೋಗಿ ಪೂರ್ತಿ ಪರೀಕ್ಷೆ ಮಾಡಿಸು. ವಕೀಲಮ್ಮ ಹೇಳಿದಂತೆ ಕೇಳು. ಯಾಕೆ ಎಂದು ಕೇಳಬೇಡ, ಹೋಗು.

ಜನವರಿಯಲ್ಲಿ ರಜೆಗೆ ಬಂದಿದ್ದಾಗ ನಮ್ಮ ಮನೆ ಪಿಯಾನೊ ನುಡಿಸಿ ಬಂದೆನಲ್ಲ, ಬೆರಳುಗಳಿಗೆ ಈಗಲೂ ಅದೇ ನೆನಪು.

ನಿನ್ನ ಚಿನಕುರಳಿ

---

ಮಾರ್ಚ್ 20

ಇನ್‌ಸ್ಪೆಕ್ಟರಮ್ಮಾ (ಆಗುವ ಮೊದಲೇ ಕರೆದುಬಿಡುತ್ತೇನೆ),

ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ! ಕೋರ್ಟೆಂದರೆ ಗಂಭೀರವಾದ ಜಾಗ ಅಂದುಕೊಂಡಿದ್ದೆ. ಅಲ್ಲಿ ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ, ನಿಲ್ಲಿಸಿದರೆ ಜನ ಬೆವರುತ್ತಾರೆ. ಇದರ ಮೇಲೇ ಅರ್ಧ ದಿನ ವಾದ ನಡೆಯುತ್ತದೆ. ನಮ್ಮ ವಕೀಲಮ್ಮನ ಕೋಟಿನ ಜೇಬಿನಲ್ಲಿ ಸದಾ ಬಿಸ್ಕತ್ತು. ಎದ್ದು ನಿಂತು "ನನ್ನ ಆಕ್ಷೇಪಣೆ ಇದೆ" ಎಂದಾಗ ಬಾಯಿಂದ ಪುಡಿ ಉದುರುತ್ತದೆ. ಆದರೆ ನಾಲಿಗೆ ಮಾತ್ರ ಕತ್ತರಿ. ಹೊಡೆದ ಪೊಲೀಸನನ್ನು ನಿಲ್ಲಿಸಿಕೊಂಡು "ಈ ಚೀಲದಲ್ಲಿ ಯಾವ ಸಾಮಾನಿನಿಂದ ಯಾವ ಬಾಗಿಲು ತೆಗೀಬಹುದು, ತೋರಿಸಿ" ಅಂದರು. ಅವನು ರಬ್ಬರ್ ಬೆಣೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು.

ಹೊಡೆದದ್ದನ್ನು ಅವರು ಈಗ ಅಲ್ಲಗಳೆಯುತ್ತಿಲ್ಲ. ಸರ್ಕಾರಿ ವಕೀಲರ ವಾದವೇ ಬೇರೆ: ಹೊಡೆತ ಬಿದ್ದಿರಬಹುದು, ಆದರೆ ಹಾನಿ ಏನಾಗಿದೆ? ಗಾಯ ಮಾಯ್ದಿದೆ, ಇವರು ಮೊದಲಿನಂತೆಯೇ ದುಡಿಯುತ್ತಿದ್ದಾರೆ, ಸರ್ಕಾರ ಯಾವುದಕ್ಕೆ ಪರಿಹಾರ ಕೊಡಬೇಕು? ಅದಕ್ಕೆ ಸಾಕ್ಷಿಯಾಗಿ ಯಾರನ್ನು ಕರೆಸಿದರು ಗೊತ್ತೇ? ನಮ್ಮೂರ ಮಕ್ಕಳ ಶಾಲೆಯ ಸಂಗೀತದ ಟೀಚರಮ್ಮನನ್ನು! ಅವರ ಪಿಯಾನೊಗೆ ಡಿಸೆಂಬರಿನಲ್ಲಿ ನಾನೇ ಶ್ರುತಿ ಮಾಡಿದ್ದೆ. "ಇವರ ಕೆಲಸ ಈಗ ಹೇಗಿದೆ?" ಎಂದು ಕೇಳಿದರು. ಟೀಚರಮ್ಮ ನನ್ನ ಕಡೆ ಒಂದು ಸಲ ನೋಡಿ, "ಬಹಳ ಚೆನ್ನಾಗಿದೆ. ಮೊದಲಿಗಿಂತ ಏನೂ ಕಮ್ಮಿಯಿಲ್ಲ" ಅಂದರು.

ತುಂಬಿದ ಕೋರ್ಟಿನಲ್ಲಿ, ನ್ಯಾಯಾಧೀಶರ ಎದುರಿಗೆ! ಇಷ್ಟು ವರ್ಷ ಯಾವನೂ ನನ್ನನ್ನು ಹೀಗೆ ಹೊಗಳಿಲ್ಲ. ತಡೆಯಲಾರದೆ ಎದ್ದು ನಿಂತು ಕೈ ಮುಗಿದು "ತುಂಬಾ ಥ್ಯಾಂಕ್ಸ್ ಟೀಚರ್" ಅಂದುಬಿಟ್ಟೆ. ಸರ್ಕಾರಿ ವಕೀಲರು ನನಗೇ ನಮಸ್ಕಾರ ಹೊಡೆದರು. ನಮ್ಮ ವಕೀಲಮ್ಮ ಮೇಜಿನ ಮೇಲೆ ಹಣೆ ಇಟ್ಟುಕೊಂಡರು. ಹೊರಗೆ ಬಂದ ಮೇಲೆ "ಅಮ್ಮಾ, ನೀವು ಯಾರ ಕಡೆ?" ಎಂದು ಕೇಳಿದರು.

ನನಗೇನೂ ಬೇಸರವಿಲ್ಲ. ಕೇಸು ಸೋತರೂ ಹೆಸರು ಗೆದ್ದೆ.

ಇನ್ನೊಂದು ಮಾತು. ಹೋದ ಕಾಗದದಲ್ಲಿ ಪರೀಕ್ಷೆ ಮಾಡಿಸು, ಪರೀಕ್ಷೆ ಮಾಡಿಸು ಎಂದು ಯಾಕೆ ಬರೆದೆ? ನಿನ್ನ ಸಾಹೇಬರು ಯಾರಾದರೂ ಹಾಗೆ ಬರೆಸಿದರೇ? ಕಿವಿ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಕೇಸು ಬೇಗ ಮುಗಿಯುತ್ತದೆ, ನಿನಗೆ ಹಗುರ ಎಂದು ನನಗೂ ತಿಳಿಯುತ್ತದೆ. ಮುಚ್ಚುಮರೆ ಬೇಡ.

ಚಿಕ್ಕಮ್ಮ

---

ಮಾರ್ಚ್ 29

ಚಿಕ್ಕಮ್ಮಾ,

ಯಾವ ಸಾಹೇಬರೂ ಬರೆಸಿಲ್ಲ. ಮುಚ್ಚುಮರೆ ಬೇಡ ಎಂದೆಯಲ್ಲ, ಸರಿ, ತಗೋ.

ಜನವರಿಯಲ್ಲಿ ನಮ್ಮ ಮನೆ ಪಿಯಾನೊ ನುಡಿಸಿದೆ. ನೀನು ಅಡುಗೆಮನೆಯಿಂದ ಬಂದು "ಹೇಗಿದೆ? ನಿನ್ನೆ ತಾನೇ ಶ್ರುತಿ ಮಾಡಿದೆ" ಅಂದೆ. ನಾನು "ಚೆನ್ನಾಗಿದೆ" ಅಂದೆ. ಚೆನ್ನಾಗಿರಲಿಲ್ಲ. ಬಲತುದಿಯ, ಎತ್ತರದ ಸ್ವರದ ಕೀಗಳೆಲ್ಲ ಶ್ರುತಿ ಕೆಟ್ಟಿದ್ದವು. ಒಂದೊಂದು ಸ್ವರದ ಮೂರು ತಂತಿಗಳೂ ಮೂರು ದಿಕ್ಕಿಗೆ ಎಳೆಯುತ್ತಿದ್ದವು. ಏಳು ವರ್ಷದವಳಿದ್ದಾಗ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ತಂತಿ ಒಂದಾಗದಿದ್ದರೆ ಸದ್ದು ಏರಿಳಿದು ನಡುವೆ ಅಲೆ ಏಳುತ್ತದೆ, ಅದು ನಿಲ್ಲುವವರೆಗೆ ಕೈ ತೆಗೆಯಬಾರದು ಎಂದು ಕಲಿಸಿದವಳು ನೀನು. ಆ ಅಲೆಯನ್ನು ನಾನು ಅಂದು ಕೇಳಿದೆ. ನೀನು ಕೇಳಲಿಲ್ಲ.

ಅಮ್ಮನಿಗೂ ಗೊತ್ತು. ಅವಳು ಬಾಯಿ ಬಿಡಬೇಡ ಎಂದು ನನ್ನ ಕೈ ಹಿಡಿದುಕೊಂಡಳು. ಟೀಚರಮ್ಮನಿಗೂ ಗೊತ್ತಿರುತ್ತದೆ, ಅವರ ಕಿವಿ ಕಿವುಡಲ್ಲ. ನಿನ್ನ ಮನಸ್ಸು ನೋಯಬಾರದೆಂದು ನಾವೆಲ್ಲ ಹೇಳಿದ ಸುಳ್ಳುಗಳನ್ನೇ ಸರ್ಕಾರ ಆರಿಸಿಕೊಂಡು ನಿನ್ನ ಮೇಲೆ ಎಸೆಯುತ್ತಿದೆ. ನೀನು ಎದ್ದು ನಿಂತು ಥ್ಯಾಂಕ್ಸ್ ಹೇಳುತ್ತಿದ್ದೀಯ.

ಹಾನಿ ಆಗಿದೆ, ಚಿಕ್ಕಮ್ಮಾ. ಅವನು ಹೊಡೆದದ್ದು ನಿನ್ನ ಕೆಲಸಕ್ಕೇ ಬಿದ್ದಿದೆ.

ಚಿನಕುರಳಿ

---

ಏಪ್ರಿಲ್ 2

ಖಾಕಿ ಬಟ್ಟೆ ನಿನ್ನ ಮೈಗೆ ಬರುವ ಮೊದಲೇ ಬುದ್ಧಿಗೆ ಬಂತು. ನಿನ್ನ ಕಾಗದ ಬಂದಿದೆ. ಓದಿದೆ. ಇನ್ನು ಬರೆಯಬೇಡ.

---

ಏಪ್ರಿಲ್ 21

ಚಿಕ್ಕಮ್ಮಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಬೈಯುವುದಾದರೆ ಉದ್ದವಾಗಿ ಬೈದು ಬರೆ. ಮೂರೇ ಸಾಲು ಬೈದರೆ ನಿದ್ದೆ ಬರುವುದಿಲ್ಲ.

ಭಾನುವಾರಗಳಂದು ಅಮ್ಮ ಫೋನೆತ್ತುತ್ತಾಳೆ. ನೀನು ಸ್ನಾನಕ್ಕೆ ಹೋಗಿದ್ದೀಯ ಅನ್ನುತ್ತಾಳೆ. ಎಷ್ಟು ಸ್ನಾನ ಮಾಡುತ್ತೀಯ?

ಚಿನಕುರಳಿ

---

ಮೇ 9

ಚಿನಕುರಳಿ, ನನ್ನ ಬಂಗಾರ,

ಉದ್ದದ ಕಾಗದ ಇದು. ಬೈಗುಳ ಕೊನೆಯಲ್ಲಿದೆ, ಮರೆತರೆ ನೀನೇ ಸೇರಿಸಿಕೋ.

ನಿನ್ನ ಮಾತು ಸುಳ್ಳೆಂದು ತೋರಿಸಲು ಶಾಲೆಗೆ ಹೋದೆ. ಹೇಳದೆ ಕೇಳದೆ ಹೋಗಿ ಸಂಗೀತದ ಕೋಣೆಯ ಕಿಟಕಿಯ ಪಕ್ಕ ನಿಂತೆ. ಬೇಸಿಗೆ ರಜೆಯ ಹಾಡಿನ ತರಗತಿ ನಡೆದಿತ್ತು, ಒಳಗೆ ಮಕ್ಕಳು ಹಾಡುತ್ತಿದ್ದರು. ಏನು ಹಾಡು ಅದು! ಪುಟ್ಟ ಪುಟ್ಟ ಮಕ್ಕಳು ಗಂಟಲು ಇಳಿಸಿಕೊಂಡು ಮುದುಕರಂತೆ ಗೊರಗೊರ ಅನ್ನುತ್ತಿದ್ದರು. ನನಗೆ ನಗು ಬಂತು. ನಗುತ್ತಲೇ ಇಣುಕಿದೆ. ಟೀಚರಮ್ಮ ಪಿಯಾನೊದ ಎಡಭಾಗಕ್ಕೆ ಸ್ಟೂಲು ಸರಿಸಿಕೊಂಡು ಕೂತಿದ್ದರು. ಬಲಗೈ ನಡುಭಾಗ ದಾಟಿ ಆ ಕಡೆಗೆ ಹೋಗುತ್ತಲೇ ಇರಲಿಲ್ಲ. ನನ್ನ ನಗು ಅಲ್ಲೇ ನಿಂತುಹೋಯಿತು.

ಮಕ್ಕಳು ಹೊರಗೆ ಹೋದ ಮೇಲೆ ಕೇಳಿದೆ. "ಡಿಸೆಂಬರಿನಿಂದ ಎಲ್ಲಾ ಹಾಡನ್ನೂ ಕೆಳಗಿಳಿಸಿ ಹೇಳಿಕೊಡ್ತಿದ್ದೀನಿ" ಅಂದರು. "ಮೇಲಿನವು ಕೆಟ್ಟಿವೆ. ನಿಮಗೆ ಹೇಗೆ ಹೇಳೋದು? ಬೇರೆಯವರನ್ನ ಕರೆಸೋಕೂ ಮನಸ್ಸು ಬರಲಿಲ್ಲ" ಎಂದು ಅಳಲು ಶುರು ಮಾಡಿದರು. ನಾನೂ ಅತ್ತೆ. ಆಮೇಲೆ ಸಿಟ್ಟು ಬಂತು. ಅವರ ಮೇಲಲ್ಲ, ನಿನ್ನ ಮೇಲೂ ಅಲ್ಲ. ಒಬ್ಬ ಮನುಷ್ಯ ಎತ್ತಿದ ಕೈಯಿಂದ ಒಂದು ತರಗತಿಯ ಮಕ್ಕಳೆಲ್ಲ ಗಂಟಲು ತಗ್ಗಿಸಿಕೊಂಡು ಹಾಡುತ್ತಿದ್ದಾರಲ್ಲ, ಅದಕ್ಕೆ.

ಈಗ ನನ್ನದೂ ಕೇಳು. ಅವತ್ತಿನಿಂದ ಎಡಗಿವಿಯೊಳಗೆ ಒಂದು ಸಿಳ್ಳೆ. ಕೆಟಲಿನಲ್ಲಿ ನೀರು ಕುದಿದಾಗ ಬರುತ್ತದಲ್ಲ, ಅಂಥದ್ದು. ನಿಲ್ಲುವುದೇ ಇಲ್ಲ. ಮೇಲಿನ ತಂತಿಗಳ ಅಲೆ ಅದರಡಿ ಮುಳುಗಿಹೋಗುತ್ತದೆ. ಅಲೆ ಕೇಳದಿದ್ದರೆ ಅಲೆ ನಿಂತಿದೆ ಅಂದುಕೊಳ್ಳುತ್ತಿದ್ದೆ. ಯಾರೂ ತಪ್ಪು ಅನ್ನಲಿಲ್ಲ, ನಾನೂ ಸರಿ ಅಂದುಕೊಂಡೆ. ಸಿಳ್ಳೆಯ ವಿಷಯ ಹೇಳಿದರೆ ಯಾರು ತಾನೇ ಕೆಲಸಕ್ಕೆ ಕರೆಯುತ್ತಾರೆ? ಕೇಸು ಗೆಲ್ಲಬೇಕಾದರೆ ನನಗೆ ಕೇಳಿಸುವುದಿಲ್ಲ ಎಂದು ಊರಿಗೆಲ್ಲ ಸಾರಬೇಕು. ಸಾರಿದರೆ ಕೆಲಸ ಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಇಷ್ಟು ದಿನ ಆಟ ಆಡಿದೆ.

ಶಾಲೆಯಿಂದ ನೇರ ವಕೀಲಮ್ಮನ ಆಫೀಸಿಗೆ ಹೋದೆ. ಸಿಳ್ಳೆ ಎಂದ ತಕ್ಷಣ ಅವರು ಕುರ್ಚಿಯಿಂದ ಹಾರಿ ಎದ್ದರು. "ಇಷ್ಟು ದಿನ ಎಲ್ಲಿಟ್ಟುಕೊಂಡಿದ್ರಿ ಇದನ್ನ?" ಅಂದರು. "ಕಿವಿಯಲ್ಲೇ" ಅಂದೆ. ಕಿವಿಯ ಪರೀಕ್ಷೆ ಆಯಿತು, ಏಟಿನಿಂದ ಎತ್ತರದ ಸ್ವರ ಸರಿಯಾಗಿ ಕೇಳುತ್ತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಟೀಚರಮ್ಮನನ್ನು ಮತ್ತೆ ಕರೆಸಲು ಅರ್ಜಿಯೂ ಆಯಿತು.

ಭಯವಾಗುತ್ತಿದೆ, ಕುಣಿಯಬೇಕು ಅನ್ನಿಸುತ್ತಿದೆ, ಎರಡೂ ಒಟ್ಟಿಗೆ. ನಿನ್ನಮ್ಮನನ್ನು ಎದುರಿಗೆ ಕೂರಿಸಿಕೊಂಡು "ಗೊತ್ತಿತ್ತಾ?" ಎಂದು ಕೇಳಿದೆ. "ಗೊತ್ತಿತ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನೇ ಗದರಿಸಿ ಊಟಕ್ಕೆಬ್ಬಿಸಿದಳು.

ಬೈಗುಳ ಮರೆತೇಬಿಟ್ಟೆ.

ಚಿಕ್ಕಮ್ಮ

---

ಮೇ 16

ಚಿಕ್ಕಮ್ಮಾ ಚಿಕ್ಕಮ್ಮಾ ಚಿಕ್ಕಮ್ಮಾ,

ಕಾಗದ ಓದಿ ವರಾಂಡದಲ್ಲಿ ಕೂಗಿಬಿಟ್ಟೆ. ಮೇಡಂ ಕರೆದು ಏನೆಂದು ಕೇಳಿದರು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, "ನಿನ್ನ ಚಿಕ್ಕಮ್ಮನಿಗೆ ಹೇಳು, ಸಾಕ್ಷಿ ಕಟ್ಟೇಲಿ ನಿಧಾನವಾಗಿ ಮಾತಾಡಲಿ. ಬರ್ಕೊಳ್ಳೋರಿಗೆ ಸಿಗಬೇಕು" ಅಂದರು. ಅಷ್ಟೇ. ಆದರೆ ಅವರ ಮೇಲಿನವರಿಗೂ ಸುದ್ದಿ ತಲುಪಿರಬೇಕು, ಅಡುಗೆಮನೆಯ ಸರದಿ ಎರಡು ದಿನದಿಂದ ನನಗೇ ಬೀಳುತ್ತಿದೆ. ಬೀಳಲಿ. ಈರುಳ್ಳಿ ಹೆಚ್ಚುವಾಗ ಅತ್ತರೆ ಯಾರೂ ಕೇಳುವುದಿಲ್ಲ.

ನಿಧಾನವಾಗಿ ಮಾತಾಡು. ನಿನಗೆ ಅದೊಂದು ಬರುವುದಿಲ್ಲ.

ಚಿನಕುರಳಿ

---

ಜೂನ್ 13

ಚಿನಕುರಳಿ,

ಕೋರ್ಟಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು.

ಮೊದಲು ಟೀಚರಮ್ಮ ಸಾಕ್ಷಿ ಕಟ್ಟೆ ಹತ್ತಿದರು. ಹಾಡುಗಳನ್ನು ಕೆಳಗಿಳಿಸಿದ್ದು, ಸ್ಟೂಲು ಸರಿಸಿಕೊಂಡದ್ದು, ಎಲ್ಲ ಹೇಳಿದರು. ಸರ್ಕಾರಿ ವಕೀಲರು ಹುಲಿಯಂತೆ ಮೇಲೆ ಬಿದ್ದರು. "ಹಾಗಾದ್ರೆ ಮೊದಲು ಈ ಕೋರ್ಟಿಗೆ ಸುಳ್ಳು ಹೇಳಿದ್ರಾ?" ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಆದರೂ "ಹೌದು ಸ್ವಾಮಿ, ಹೇಳಿದೆ. ಅವರು ಅಲ್ಲೇ ಎದುರಿಗೆ ಕೂತಿದ್ರು. ಮುಖ ನೋಡ್ಕೊಂಡು 'ನಿಮ್ಮ ಕೆಲಸ ಕೆಟ್ಟಿದೆ' ಅಂತ ಹೇಗೆ ಹೇಳೋದು? ತಪ್ಪಾಯ್ತು. ಶಿಕ್ಷೆ ಕೊಡೋದಾದ್ರೆ ಕೊಡಿ" ಅಂದರು. ನ್ಯಾಯಾಧೀಶರು, ಇನ್ನು ಮುಂದೆ ಕೋರ್ಟಿನಲ್ಲಿ ಯಾರ ಮುಖವನ್ನೂ ನೋಡಬೇಡಿ ಎಂದು ಎಚ್ಚರಿಕೆ ಕೊಟ್ಟು ಇಳಿಸಿದರು.

ಆಮೇಲೆ ನಾನು. ನಿನ್ನ ಮೇಡಂ ಹೇಳಿದ್ದು ನೆನಪಿತ್ತು, ನಿಧಾನವಾಗಿಯೇ ಶುರು ಮಾಡಿದೆ. ಸಿಳ್ಳೆಯ ವಿಷಯ ಹೇಳಿದೆ. ಸರ್ಕಾರಿ ವಕೀಲರು ನಗುತ್ತಾ ಹತ್ತಿರ ಬಂದರು. "ಅಂದ್ರೆ ನಿಮ್ಮ ಬಾಯಿಂದಲೇ ಒಪ್ಕೋತೀರಾ, ನೀವು ಈ ಕೆಲಸಕ್ಕೆ ಯೋಗ್ಯರಲ್ಲ ಅಂತ?"

ಹಿಂದಿನ ಬೆಂಚಿನಲ್ಲಿ ನನ್ನ ಗಿರಾಕಿಗಳೇ ಕೂತಿದ್ದರು. ಸಭಾಭವನದ ಮ್ಯಾನೇಜರು ಇದ್ದರು, ಕ್ರೀಡಾಂಗಣದ ಹತ್ತಿರದ ಮನೆಯವರೂ ಇದ್ದರು. ಇಲ್ಲ ಅಂದುಬಿಡಲೇ ಅನ್ನಿಸಿತು ಕಣೇ, ನಿಜ ಹೇಳುತ್ತೇನೆ.

"ಬಲಗಡೆ ತುದಿಯ ಸ್ವರಗಳಿಗೆ ಯೋಗ್ಯಳಲ್ಲ. ಬರ್ಕೊಳ್ಳಿ" ಅಂದೆ. "ಅವತ್ತು ಸಂಜೆವರೆಗೂ ಯೋಗ್ಯಳಾಗಿದ್ದೆ, ಅದನ್ನೂ ಬರ್ಕೊಳ್ಳಿ. ನಡುವೆ ಏನಾಯ್ತು ಅನ್ನೋದು ನಿಮಗೇ ಗೊತ್ತು."

ಬರೆದುಕೊಳ್ಳುವವರು ತಲೆ ಎತ್ತಿ "ಇನ್ನೊಂದ್ಸಲ ಹೇಳಿ" ಅಂದರು. ಹೇಳಿದೆ. ಎರಡನೇ ಸಲ ಹೇಳುವಾಗ ಧ್ವನಿ ನಡುಗಲಿಲ್ಲ. ವಕೀಲಮ್ಮ ಹೊರಗೆ ಬಂದು ನನ್ನನ್ನು ಅಪ್ಪಿಕೊಂಡರು. ಈಗ ತೀರ್ಪಿಗೆ ಕಾಯಬೇಕು. ಹೇಗೆ ಕಾಯಲಿ ಹೇಳು!

ಚಿಕ್ಕಮ್ಮ

---

ಜುಲೈ 18

ಚಿನಕುರಳಿ,

ಗೆದ್ದೆವು! ಗೆದ್ದೆವು! ಭಾನುವಾರ ಫೋನಿನಲ್ಲಿ ನಿನ್ನಮ್ಮ ಕಿರುಚಿದ್ದನ್ನು ನಿನ್ನ ತರಬೇತಿ ಶಾಲೆಯೆಲ್ಲ ಕೇಳಿರಬೇಕು. ಆದರೂ ನನ್ನ ಕೈಯಾರೆ ಬರೆಯದಿದ್ದರೆ ಸಮಾಧಾನವಿಲ್ಲ. ಕರ್ತವ್ಯದಲ್ಲಿದ್ದ ಪೊಲೀಸ್ ಮಾಡಿದ ಹಾನಿಗೆ ಸರ್ಕಾರವೇ ಹೊಣೆ ಎಂದು ನ್ಯಾಯಾಧೀಶರು ಓದಿದರು. ಹಿಡಿದು ಕೂರಿಸಿದ್ದೂ ತಪ್ಪು, ಹೊಡೆದದ್ದೂ ತಪ್ಪು, ಆ ಏಟಿನಿಂದ ನನ್ನ ಕಸುಬಿಗೆ ಹಾನಿಯಾಗಿದೆ, ಪರಿಹಾರ ಕೊಡಬೇಕು. 'ಕಸುಬು' ಎಂಬ ಪದ ಬಂದಾಗ ನನಗೆ ಎದೆ ತುಂಬಿಬಂತು. ಸರ್ಕಾರಿ ವಕೀಲರು ಮೇಲ್ಮನವಿ ಹಾಕುತ್ತೇವೆ ಎಂದು ಗೊಣಗಿದರು. ಹಾಕಲಿ, ವಕೀಲಮ್ಮನ ಜೇಬಿನಲ್ಲಿ ಇನ್ನೂ ಬಿಸ್ಕತ್ತು ಇದೆ.

ಸಿಹಿ ಮಾತ್ರ ಬರೆದರೆ ಮತ್ತೆ ಸುಳ್ಳಾಗುತ್ತದೆ. ಸಭಾಭವನದ ಮ್ಯಾನೇಜರು ಫೋನು ಮಾಡಿದ್ದರು, ಇನ್ನು ಮೇಲೆ ಬೇರೆಯವರನ್ನು ಕರೆಸುತ್ತಾರಂತೆ. ಇನ್ನೂ ಕೆಲವರು ಫೋನನ್ನೂ ಮಾಡಿಲ್ಲ. ಒಂದು ಸಂಜೆ ಚೀಲವನ್ನು ಮಂಚದ ಕೆಳಗೆ ತಳ್ಳಿ ಕೂತುಬಿಟ್ಟೆ.

ನಿನ್ನೆ ಟೀಚರಮ್ಮ ಬಂದು ಆ ಚೀಲವನ್ನು ಎಳೆದು ತೆಗೆದರು. "ಏಳಿ, ಮಕ್ಕಳು ಕಾಯ್ತಿದ್ದಾರೆ" ಅಂದರು. ಶಾಲೆಗೆ ಹೋದರೆ ಇಡೀ ತರಗತಿ ಪಿಯಾನೊ ಸುತ್ತ ನೆಲದ ಮೇಲೆ ಕೂತಿದೆ. ಅಲೆ ಎಂದರೇನೆಂದು ಟೀಚರಮ್ಮ ಮೊದಲೇ ಕೇಳಿಸಿ ಕಲಿಸಿದ್ದರು. ಅಲೆ ಇರುವ ತನಕ ಕೈ ಮೇಲೆ, ನಿಂತರೆ ಕೈ ಕೆಳಗೆ. ನಾನು ಬೆಣೆ ಸಿಕ್ಕಿಸಿ, ಕೀ ಒತ್ತಿ, ಕೀಲಿ ತಿರುಗಿಸುತ್ತಾ ಅವರ ಕೈಗಳನ್ನು ನೋಡಿದೆ. ಸ್ವಲ್ಪ ತಿರುಗಿಸಿದರೆ ನಾಲ್ಕು ಕೈ ಇಳಿದವು. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಎಲ್ಲ ದೊಪ್ಪನೆ ಬಿದ್ದವು! ನನ್ನ ಕಿವಿಯಲ್ಲಿ ಸಿಳ್ಳೆ ಬಿಟ್ಟರೆ ಏನೂ ಇಲ್ಲ, ಆದರೂ ಸ್ವರ ಕೂಡಿದ್ದು ಕಣ್ಣಿಗೆ ಕಂಡಿತು. ಒಂದು ತಂತಿಗೆ ಅವರವರಲ್ಲೇ ಜಗಳ. "ನಿಂತಿದೆ", "ಇಲ್ಲ ಕಣೋ, ಇದೆ" ಎಂದು ಒಬ್ಬರ ಕೈಯನ್ನು ಒಬ್ಬರು ಎತ್ತುವುದು, ಇಳಿಸುವುದು. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ನಗುನಗುತ್ತಾ ನನ್ನ ತೋಳು ಸೋತುಹೋಯಿತು.

ಕೊನೆಗೆ ಟೀಚರಮ್ಮ ಕೂತು, ಸ್ಟೂಲನ್ನು ನಡುಮಧ್ಯಕ್ಕೆ ಎಳೆದುಕೊಂಡು, ಬಲತುದಿಯವರೆಗೂ ಒಂದೊಂದಾಗಿ ನುಡಿಸಿದರು. ಒಂದು ಕಡೆ ನಿಂತರು. ಮತ್ತೆ ಅದನ್ನೇ ಒತ್ತಿದರು. ನನ್ನ ಮುಖವನ್ನೇ ನೇರವಾಗಿ ನೋಡಿ ಹೇಳಿದರು:

"ಇದು ಚೆನ್ನಾಗಿಲ್ಲ. ಮತ್ತೆ ಮಾಡಿ."

ಮಕ್ಕಳು ಉಸಿರು ಬಿಗಿ ಹಿಡಿದು ನನ್ನನ್ನು ನೋಡಿದರು, ಅಳುತ್ತೇನೇನೋ ಎಂದು. ನನಗೆ ಎಷ್ಟು ಖುಷಿಯಾಯಿತೆಂದರೆ, ತೀರ್ಪಿನ ದಿನವೂ ಅಷ್ಟಾಗಿರಲಿಲ್ಲ ಕಣೇ. ಮುಚ್ಚಿದ ಚೀಲವನ್ನು ಮತ್ತೆ ಬಿಚ್ಚಿದೆ.

"ಯಾವುದು, ತೋರಿಸಿ" ಅಂದೆ.

ನಿನ್ನ ಚಿಕ್ಕಮ್ಮ